ಓಡಿದ್ದು ಕಡಿಮೆ, ಎಂಜಿನ್ ಒಳಗೆ ಕಪ್ಪು ಮಡ್ಡಿ! ಚೆನ್ನೈ ಟ್ರಾಫಿಕ್‌ನಲ್ಲಿ ಕಾರಿಗೆ ಆಗುವುದೇನು? ಫ್ಲಶ್ ಮಾಡಿಸುವ ಮುನ್ನ ಇದನ್ನು ಓದಿ

ಚೆನ್ನೈ: ಆಯಿಲ್ ತುಂಬಿಸುವ ಮುಚ್ಚಳ ತೆಗೆದಾಗ ಒಳಗಿನ ಲೋಹದ ಭಾಗಗಳ ಮೇಲೆ ತೆಳುವಾದ ಆಯಿಲ್ ಪದರ ಕಾಣಬೇಕು. ಅದರ ಬದಲು ಡಾಂಬರಿನಂಥ ಗಟ್ಟಿ ಮಡ್ಡಿ ಅಂಟಿಕೊಂಡಿದ್ದರೆ ಅದೇ 'ಸ್ಲಡ್ಜ್'. ಇದನ್ನು ಕಂಡ ಕೂಡಲೇ ಹೆಚ್ಚಿನವರು ಒಂದು ಬಾಟಲಿ ಫ್ಲಶ್ ತಂದು ಎಂಜಿನ್‌ಗೆ ಸುರಿಯುತ್ತಾರೆ. ಮಡ್ಡಿ ತೆಳುವಾಗಿದ್ದರೆ ಇದು ಸರಿ. ದಪ್ಪಗಿದ್ದರೆ ಅದೇ ಬಾಟಲಿ ಎಂಜಿನ್ ಸೀಜ್ ಆಗಲು ಕಾರಣವಾಗಬಹುದು.

ಹಾಗಾದರೆ ಸ್ಲಡ್ಜ್ ಏಕೆ ಕಟ್ಟುತ್ತದೆ? ತೆಗೆಯುವ ಸರಿಯಾದ ಕ್ರಮ ಯಾವುದು? ಇಲ್ಲಿದೆ ಪೂರ್ಣ ವಿವರ.

ಸ್ಲಡ್ಜ್ ಹುಟ್ಟುವುದು ಹೇಗೆ?

ಎಂಜಿನ್ ಆಯಿಲ್‌ನ ಕೆಲಸ ಸವೆತ ತಡೆಯುವುದಷ್ಟೇ ಅಲ್ಲ. ಬಿಸಿಯನ್ನು ಹೊತ್ತೊಯ್ಯುವುದು, ಒಳಗಿನ ಕೊಳೆಯನ್ನು ತನ್ನಲ್ಲಿ ಕರಗಿಸಿ ಇಟ್ಟುಕೊಳ್ಳುವುದೂ ಅದರ ಜವಾಬ್ದಾರಿ. ಇದಕ್ಕಾಗಿಯೇ ಆಯಿಲ್‌ಗೆ ಡಿಟರ್ಜೆಂಟ್ ಮುಂತಾದ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಬಿಸಿ, ಸುಡದೆ ಉಳಿದ ಇಂಧನ, ಮಸಿ ಮತ್ತು ನೀರಿನ ಆವಿ ಸೇರಿಕೊಂಡಂತೆ ಈ ರಾಸಾಯನಿಕಗಳು ಖರ್ಚಾಗುತ್ತಾ ಹೋಗುತ್ತವೆ. ಅವು ಮುಗಿದ ಮೇಲೆ ಕೊಳೆ ಆಯಿಲ್‌ನಲ್ಲಿ ತೇಲುವುದಿಲ್ಲ, ಗೋಡೆಗೆ ಅಂಟುತ್ತದೆ.

ಒಂದು ವಿಷಯ ನೆನಪಿಡಿ: ಆಯಿಲ್ ಕಪ್ಪಾಗಿದೆ ಎಂದ ಮಾತ್ರಕ್ಕೆ ಸ್ಲಡ್ಜ್ ಎಂದಲ್ಲ. ಡೀಸೆಲ್ ವಾಹನಗಳಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ. ನೋಡಬೇಕಾದದ್ದು ಬಣ್ಣವನ್ನಲ್ಲ, ಮುಚ್ಚಳದ ಕೆಳಗೆ ಕೂತಿರುವ ಗಟ್ಟಿ ಮಡ್ಡಿಯನ್ನು.

ಮೀಟರ್ ಹೇಳದ ಲೆಕ್ಕ

"ಹತ್ತು ಸಾವಿರ ಕಿ.ಮೀ. ಇನ್ನೂ ಆಗಿಲ್ಲವಲ್ಲ" ಎಂಬುದು ಬಹಳಷ್ಟು ಮಾಲೀಕರ ಮಾತು. ಆದರೆ ಆಯಿಲ್ ದಣಿಯುವುದು ಕಿಲೋಮೀಟರ್‌ನಿಂದ ಮಾತ್ರವಲ್ಲ, ಎಂಜಿನ್ ಉರಿದ ಗಂಟೆಗಳಿಂದಲೂ ಹೌದು.

ಬೆಂಗಳೂರು–ಚೆನ್ನೈ ಹೆದ್ದಾರಿಯಲ್ಲಿ ಸರಾಸರಿ 60 ಕಿ.ಮೀ. ವೇಗದಲ್ಲಿ ಸಾಗುವ ಕಾರು 10,000 ಕಿ.ಮೀ. ಮುಗಿಸಲು ಸುಮಾರು 167 ಗಂಟೆ ಸಾಕು. ನಗರದೊಳಗೆ ಸರಾಸರಿ 15 ಕಿ.ಮೀ. ವೇಗದಲ್ಲಿ ತೆವಳುವ ಕಾರಿಗೆ ಅಷ್ಟೇ ದೂರಕ್ಕೆ ಸುಮಾರು 667 ಗಂಟೆ ಬೇಕು. ಮೀಟರ್ ಎರಡರಲ್ಲೂ ಒಂದೇ ಅಂಕಿ ತೋರಿಸುತ್ತದೆ. ಆದರೆ ಎರಡನೇ ಕಾರಿನ ಆಯಿಲ್ ನಾಲ್ಕು ಪಟ್ಟು ಹೊತ್ತು ದುಡಿದಿದೆ.

ಚೆನ್ನೈನಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗಿದೆ. 118.9 ಕಿ.ಮೀ. ಉದ್ದದ ಮೆಟ್ರೋ ಎರಡನೇ ಹಂತದ ಕಾಮಗಾರಿ ಹಳೆ ಮಹಾಬಲಿಪುರಂ ರಸ್ತೆ, ಆರ್ಕಾಟ್ ರಸ್ತೆಯಂಥ ಮುಖ್ಯ ಮಾರ್ಗಗಳನ್ನು ಇಕ್ಕಟ್ಟಾಗಿಸಿತು. ಬೇಸಿಗೆಯಲ್ಲಿ 40 ಡಿಗ್ರಿ ತಲುಪುವ ಬಿಸಿಲು, ಎಸಿ ಹಾಕಿಕೊಂಡೇ ಸಿಗ್ನಲ್‌ನಲ್ಲಿ ನಿಲ್ಲುವ ಕಾರುಗಳು, ಜೊತೆಗೆ ಕಡಲ ತೀರದ ತೇವ. ಇನ್ನೊಂದೆಡೆ, ಮನೆಯಿಂದ ರೈಲು ನಿಲ್ದಾಣಕ್ಕೆ ದಿನವೂ ಎರಡು ಕಿ.ಮೀ. ಮಾತ್ರ ಓಡುವ ಕಾರಿನಲ್ಲಿ ಆಯಿಲ್ ಪೂರ್ತಿ ಕಾಯುವುದೇ ಇಲ್ಲ. ಒಳಗೆ ಸೇರಿದ ನೀರಿನ ಹನಿ ಆವಿಯಾಗಿ ಹೊರಹೋಗದೆ ಅಲ್ಲೇ ಉಳಿಯುತ್ತದೆ.

ಇಂಥ ಬಳಕೆಯನ್ನು ಕಾರು ಕಂಪನಿಗಳ ಕೈಪಿಡಿಗಳೇ 'ಕಠಿಣ ಬಳಕೆ' ಎಂದು ಕರೆದು, ಆಯಿಲ್ ಬದಲಿಸುವ ಅವಧಿಯನ್ನು ಕಡಿಮೆ ಮಾಡಲು ಹೇಳುತ್ತವೆ. ಆದರೆ ಕೈಪಿಡಿಯ ಆ ಪುಟ ಓದುವವರು ಕಡಿಮೆ.

ಈ ಲಕ್ಷಣಗಳನ್ನು ಕಡೆಗಣಿಸಬೇಡಿ

* ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಮೇಲ್ಭಾಗದಿಂದ 'ಟಿಕ್ ಟಿಕ್' ಸದ್ದು.
* ಆಯಿಲ್ ಬೇಗ ಕಡಿಮೆಯಾಗುವುದು, ಎಂಜಿನ್ ಹೆಚ್ಚು ಬಿಸಿಯಾಗುವುದು.
* ಸಿಗ್ನಲ್‌ನಲ್ಲಿ ನಿಂತಾಗ ಆಯಿಲ್ ಪ್ರೆಷರ್‌ನ ಕೆಂಪು ದೀಪ ಮಿನುಗುವುದು. ಹೀಗಾದರೆ ತಕ್ಷಣ ಎಂಜಿನ್ ಆಫ್ ಮಾಡಿ. ಗ್ಯಾರೇಜ್‌ವರೆಗೆ ಓಡಿಸಬೇಡಿ, ಟೋ ಮಾಡಿಸಿ.
* ಡಿಪ್‌ಸ್ಟಿಕ್‌ನಲ್ಲಿ ಹಾಲು ಬೆರೆಸಿದ ಕಾಫಿಯಂಥ ಬಣ್ಣ. ಇದು ಆಯಿಲ್‌ಗೆ ನೀರು ಅಥವಾ ಕೂಲೆಂಟ್ ಸೇರಿದ ಸೂಚನೆ. ಕೂಲೆಂಟ್ ಕೂಡ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕು. ಅದನ್ನು ಸರಿಪಡಿಸದೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ.

ತೆಗೆಯುವ ಮೂರು ದಾರಿಗಳು

1. ತೆಳು ಪದರವಿದ್ದರೆ: ಕೈಪಿಡಿ ಹೇಳಿದ ದರ್ಜೆಯ ಒಳ್ಳೆಯ ಆಯಿಲ್ ಮತ್ತು ಹೊಸ ಫಿಲ್ಟರ್ ಹಾಕಿ, 1,000ದಿಂದ 1,500 ಕಿ.ಮೀ.ಗೆ ಮತ್ತೆ ಬದಲಿಸುವುದು. ಹೀಗೆ ಎರಡು ಮೂರು ಬಾರಿ ಮಾಡಿದರೆ ಆಯಿಲ್‌ನ ಡಿಟರ್ಜೆಂಟ್ ಪದರವನ್ನು ನಿಧಾನವಾಗಿ ಕರಗಿಸುತ್ತದೆ. ಸಮಯ ಹಿಡಿದರೂ ಇದೇ ಸುರಕ್ಷಿತ.

2. ಮಧ್ಯಮ ಮಟ್ಟದಲ್ಲಿದ್ದರೆ: ಫ್ಲಶ್ ಬಳಸಬಹುದು. ಕಾದ ಎಂಜಿನ್‌ನ ಹಳೆ ಆಯಿಲ್‌ಗೆ ಇದನ್ನು ಬೆರೆಸಿ, ಬಾಟಲಿ ಮೇಲೆ ಬರೆದಷ್ಟು ನಿಮಿಷ ಮಾತ್ರ ಎಂಜಿನ್ ಐಡಲ್‌ನಲ್ಲಿಡಬೇಕು. ಆಕ್ಸಿಲರೇಟರ್ ಒತ್ತಬಾರದು, ಕಾರು ಓಡಿಸಲೇಬಾರದು. ಬಿಸಿ ಇರುವಾಗಲೇ ಆಯಿಲ್ ಇಳಿಸಿ ಫಿಲ್ಟರ್ ಬದಲಿಸಬೇಕು.

3. ಗಟ್ಟಿ ಮಡ್ಡಿ ಇದ್ದರೆ: ಟ್ಯಾಪೆಟ್ ಕವರ್ ಹಾಗೂ ಕೆಳಗಿನ ಆಯಿಲ್ ಸಂಪ್ ಬಿಚ್ಚಿ ಕೈಯಿಂದಲೇ ತೆಗೆಯಬೇಕು. ಪಂಪ್‌ಗೆ ಆಯಿಲ್ ಎಳೆದುಕೊಳ್ಳುವ ಜಾಲರಿ, ಅಂದರೆ ಸ್ಟ್ರೈನರ್ ಅನ್ನು ತೊಳೆಯುವುದು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಎಂಜಿನ್ ಒಳಗಿನ ಆವಿಯನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ಕಟ್ಟಿಕೊಂಡಿದ್ದರೆ ಅದನ್ನೂ ಬದಲಿಸಬೇಕು.

ಫ್ಲಶ್ ಅಪಾಯವಾಗುವುದು ಯಾವಾಗ?

ದಪ್ಪ ಮಡ್ಡಿ ಫ್ಲಶ್‌ಗೆ ಪೂರ್ತಿ ಕರಗುವುದಿಲ್ಲ, ಚೂರು ಚೂರಾಗಿ ಕಿತ್ತು ಬರುತ್ತದೆ. ಆ ಚೂರುಗಳು ಸಂಪ್‌ಗೆ ಬಿದ್ದು ಸ್ಟ್ರೈನರ್‌ಗೆ ಅಡ್ಡ ಕೂರುತ್ತವೆ. ಸಂಪ್‌ನಲ್ಲಿ ಆಯಿಲ್ ತುಂಬಿದ್ದರೂ ಪಂಪ್‌ಗೆ ಸಿಗುವುದಿಲ್ಲ. ಮೊದಲು ಟರ್ಬೊ, ಬೇರಿಂಗ್‌ಗಳು ಹಾಳಾಗಿ, ಕೊನೆಗೆ ಇಡೀ ಎಂಜಿನ್ ನಿಂತುಹೋಗಬಹುದು.

ಸಂಪ್‌ಗೆ ಡೀಸೆಲ್ ಅಥವಾ ಸೀಮೆಎಣ್ಣೆ ತುಂಬಿ ಎಂಜಿನ್ ಓಡಿಸುವ ಹಳೆಯ ರೂಢಿಯೂ ಇದೆ. ಇವು ಆಯಿಲ್‌ನಷ್ಟು ಗಟ್ಟಿ ಪದರ ಕೊಡುವುದಿಲ್ಲವಾದ್ದರಿಂದ ಲೋಹಕ್ಕೆ ಲೋಹ ಉಜ್ಜುತ್ತದೆ. ಬಿಚ್ಚಿದ ಭಾಗಗಳನ್ನು ಹೊರಗಿಟ್ಟು ತೊಳೆಯಲು ಮಾತ್ರ ಇವು ಸರಿ. ಹೀಗಾಗಿ ಗ್ಯಾರೇಜ್‌ನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ "ಫ್ಲಶ್‌ಗೆ ಎಷ್ಟು?" ಎಂದಲ್ಲ, "ಸಂಪ್ ಬಿಚ್ಚಿ ಸ್ಟ್ರೈನರ್ ತೋರಿಸುತ್ತೀರಾ?" ಎಂದು.

ಮಳೆನೀರು ನುಗ್ಗಿದರೆ?

2015ರ ಡಿಸೆಂಬರ್ ಪ್ರವಾಹ, 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತದ ಮಳೆ ಚೆನ್ನೈನಲ್ಲಿ ಅಪಾರ ಸಂಖ್ಯೆಯ ವಾಹನಗಳನ್ನು ಮುಳುಗಿಸಿದ್ದವು. ಆ ನೆನಪಿನಿಂದಲೇ 2024ರ ಅಕ್ಟೋಬರ್‌ನಲ್ಲಿ ಭಾರಿ ಮಳೆ ಮುನ್ಸೂಚನೆ ಬಂದಾಗ ವೇಲಚ್ಚೇರಿ ನಿವಾಸಿಗಳು ಕಾರುಗಳನ್ನು ಫ್ಲೈಓವರ್ ಮೇಲೆ ನಿಲ್ಲಿಸಿದ್ದರು.

ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಲು ಹೋಗಬೇಡಿ. ಸಿಲಿಂಡರ್ ಒಳಗಿನ ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗಿಬಿಡುತ್ತದೆ. ಹೀಗೆ ಆದ ಹಾನಿಗೆ ಸಾಮಾನ್ಯ ವಿಮೆಯಲ್ಲಿ ಪರಿಹಾರ ಸಿಗುವುದು ಕಷ್ಟ. ಅದಕ್ಕೆ ಎಂಜಿನ್ ರಕ್ಷಣೆಯ ಪ್ರತ್ಯೇಕ ಆಡ್-ಆನ್ ಬೇಕು. ಟೋ ಮಾಡಿಸಿ, ಆಯಿಲ್ ಇಳಿಸಿ, ನೀರಿನ ಅಂಶ ಕಾಣದವರೆಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕು. ಬಿಟ್ಟರೆ ನೀರು ಬೆರೆತ ಆಯಿಲ್ ಮಡ್ಡಿಯಾಗುತ್ತದೆ.

ಬಿಲ್ ಎಸೆಯಬೇಡಿ

1997ರಿಂದ 2002ರ ನಡುವೆ ತಯಾರಾದ ಟೊಯೊಟಾದ ಕೆಲವು ಎಂಜಿನ್‌ಗಳಲ್ಲಿ ಸ್ಲಡ್ಜ್ ದೂರುಗಳು ಅಮೆರಿಕದಲ್ಲಿ ಹೆಚ್ಚಿದಾಗ, 2002ರಲ್ಲಿ ಕಂಪನಿ ಸುಮಾರು 33 ಲಕ್ಷ ವಾಹನಗಳಿಗೆ ದುರಸ್ತಿ ಯೋಜನೆ ಪ್ರಕಟಿಸಿತ್ತು. ಆಗ ಎದ್ದ ದೊಡ್ಡ ಪ್ರಶ್ನೆ, ಮಾಲೀಕರು ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿದ್ದರೇ ಎಂಬುದು. ವಾರಂಟಿ ಕೇಳುವಾಗ ಇಂದಿಗೂ ಕೈಹಿಡಿಯುವುದು ಸರ್ವಿಸ್ ಬಿಲ್ಲೇ.

ಇಳಿಸಿದ ಆಯಿಲ್ ಕೂಡ ಸುಮ್ಮನೆ ಚೆಲ್ಲುವ ವಸ್ತುವಲ್ಲ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಚರಂಡಿಗೆ ಸುರಿಯದೆ ಮರುಸಂಸ್ಕರಣೆಗೆ ಕೊಡುವ ಸರ್ವಿಸ್ ಸೆಂಟರ್‌ಗೇ ಒಪ್ಪಿಸಬೇಕು.

ನಗರದಲ್ಲೇ ಹೆಚ್ಚು ಓಡುವ ಕಾರಿಗೆ ಕಂಪನಿ ಹೇಳಿದ ಸಾಮಾನ್ಯ ಅವಧಿಯ ಅರ್ಧಕ್ಕೇ ಆಯಿಲ್ ಬದಲಿಸುವುದು ಒಳ್ಳೆಯದು. ಓಡಿದ್ದು ಎಷ್ಟೇ ಕಡಿಮೆಯಿದ್ದರೂ ವರ್ಷಕ್ಕೊಮ್ಮೆ ಬದಲಿಸಲೇಬೇಕು. ಚೆನ್ನೈಗೆ ಹೇಳಿದ ಈ ಮಾತು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದಿನವೂ ಕಾಯುವ ಕಾರುಗಳಿಗೂ ಅನ್ವಯಿಸುತ್ತದೆ.