ಎರಡು ಸಲ ಏರಿದ ದನಿ

ಹುಕ್ಕೇರಿಯಲ್ಲಿದ್ದ ನನ್ನ ಚಿಗವ್ವನಿಗೆ ನಲವತ್ತರ ವಯಸ್ಸಿನಲ್ಲಿ ಎದೆಯಲ್ಲೊಂದು ಗಂಟು ಕೈಗೆ ಹತ್ತಿತು. ಕ್ಷ-ಕಿರಣದ ಪಟ ತೆಗೆಸಿದೆವು. ಏನೂ ಕಾಣಲಿಲ್ಲ. “ಪಟದಾಗ ಇಲ್ಲಂದ್ರ ನನ್ನ ಕೈಗೆ ಹತ್ತೂದು ಏನೋ ತಮ್ಮಾ?” ಎಂದು ಆಕೆ ಕೇಳಿದಳು. ಉತ್ತರ ದೊರೆತದ್ದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ.

ಎಲುಬು ಕ್ಷ-ಕಿರಣವನ್ನು ಹೀರುತ್ತದೆ, ಮಾಂಸ ಬಹುಪಾಲು ಬಿಟ್ಟುಕೊಡುತ್ತದೆ; ಆ ವ್ಯತ್ಯಾಸವೇ ಪಟ. ಗಂಟೂ ಅದರ ಸುತ್ತಲಿನ ದಟ್ಟ ಗ್ರಂಥಿಯೂ ಹೆಚ್ಚುಕಡಿಮೆ ಸಮನಾಗಿ ಹೀರಿದರೆ ಎರಡೂ ಒಂದೇ ಬಿಳುಪಾಗಿ ಮೂಡುತ್ತವೆ. ಸಾಲದುದಕ್ಕೆ, ಮಾಮೂಲು ನಳಿಗೆಯ ಕಿರಣ ಹಲವು ಶಕ್ತಿಗಳ ಕಲಬೆರಕೆ. ಬೇಕಾದ ಒಂದೇ ಶಕ್ತಿಯ ಕಿರಣವನ್ನು ಬೆಳಕಿನಿಂದಲೇ ಪಡೆಯುವ ಉಪಾಯವೊಂದುಂಟು.

ಘಟಪ್ರಭಾ ನಿಲ್ದಾಣದಲ್ಲಿ ನಿಂತವರು ಬಲ್ಲರು: ನಮ್ಮತ್ತ ಬರುವ ರೈಲಿನ ಸಿಳ್ಳು ಕೀರಲು, ದಾಟಿದೊಡನೆ ಅದೇ ಸಿಳ್ಳು ತಗ್ಗು. ಈಗ ಬರುವ ರೈಲಿನತ್ತ ನಾವೇ ಕೂಗಿದೆವೆನ್ನಿ. ಅದರ ಮುಖಕ್ಕೆ ತಾಗಿ ಮರಳುವ ದನಿ ಎರಡು ಸಲ ಏರಿರುತ್ತದೆ. ರೈಲನ್ನು ಮುಟ್ಟುವಾಗ ಒಮ್ಮೆ, ನಮ್ಮತ್ತ ಮರಳುವಾಗ ಮತ್ತೊಮ್ಮೆ. (ಗೋಕಾಕ ಜಲಪಾತದ ಮುಂದೆ ಈ ಪ್ರಯೋಗ ಬೇಡ, ಮಳೆಗಾಲದಲ್ಲಿ ಅಲ್ಲಿ ನಮ್ಮ ದನಿ ನಮಗೇ ಕೇಳದು.)

ರೈಲಿನ ಬದಲು ಬೆಳಕಿನ ವೇಗಕ್ಕೆ ತೀರ ಸಮೀಪದಲ್ಲಿ ಓಡುವ ಇಲೆಕ್ಟ್ರಾನುಗಳ ಕಟ್ಟು, ಕೂಗಿನ ಬದಲು ಲೇಸರ್. ಇಲೆಕ್ಟ್ರಾನುಗಳಿಗೆ ನಾಲ್ಕೂವರೆ ಕೋಟಿ ಇಲೆಕ್ಟ್ರಾನ್-ವೋಲ್ಟ್ ಶಕ್ತಿಯಿದ್ದರೆ, ಅವುಗಳಿಗೆ ಎದುರಾಗಿ ಬಂದು ಹಿಮ್ಮರಳಿದ ಬೆಳಕಿನ ಶಕ್ತಿ ಸುಮಾರು 31,000 ಪಟ್ಟು ಏರುತ್ತದೆ. ಅವಕೆಂಪು ಬೆಳಕು ಕ್ಷ-ಕಿರಣವಾಗುತ್ತದೆ! 1923ರಲ್ಲಿ ಆರ್ಥರ್ ಕಾಂಪ್ಟನ್ ವಿವರಿಸಿದ್ದು ಇದರ ತಿರುವುಮುರುವು. ಅಲ್ಲಿ ಕ್ಷ-ಕಿರಣವೇ ಇಲೆಕ್ಟ್ರಾನಿಗೆ ತಾಗಿ ತನ್ನ ಶಕ್ತಿಯಲ್ಲಿ ಪಾಲು ಕೊಟ್ಟಿತ್ತು.

ತೊಡಕೆಂದರೆ ಬೆಳಕಿನ ಕಣವೂ ಇಲೆಕ್ಟ್ರಾನೂ ಸಂಧಿಸುವುದು ಬಹು ಅಪರೂಪ. ಆದುದರಿಂದ ಲೇಸರನ್ನು ಕನ್ನಡಿಗಳ ನಡುವೆ ಕೂಡಿಹಾಕಿ, ಇಲೆಕ್ಟ್ರಾನುಗಳನ್ನು ವರ್ತುಲದಲ್ಲಿ ಸುತ್ತಿಸಿ, ಸುತ್ತುಸುತ್ತಿಗೂ ಭೇಟಿ ಮಾಡಿಸುತ್ತಾರೆ. ಮ್ಯೂನಿಕ್ ಬಳಿಯ ಗಾರ್ಶಿಂಗಿನಲ್ಲಿ 2015ರಲ್ಲಿ ನೆಲೆಗೊಂಡ ಇಂಥ ಯಂತ್ರ ಒಂದು ಕೋಣೆಯಲ್ಲಿ ಹಿಡಿಸುತ್ತದೆ. ಕ್ಷ-ಕಿರಣವನ್ನು ಬೇರೊಂದು ಬಗೆಯಲ್ಲಿ ಪಡೆಯುವ ನಮ್ಮ ಇಂದೋರಿನ ಇಂಡಸ್-2 ವರ್ತುಲದ ಸುತ್ತಳತೆಯೇ 172 ಮೀಟರಿಗೆ ಮಿಕ್ಕಿದೆ. ಗಾರ್ಶಿಂಗಿನಲ್ಲಿ, ಶಸ್ತ್ರಚಿಕಿತ್ಸೆಯಿಂದ ತೆಗೆದ ಸ್ತನಗಳನ್ನು ಈ ಕಿರಣಕ್ಕೆ ಒಡ್ಡಿ ನೋಡಿದ್ದಾರೆ. ಕಿರಣ ಎಷ್ಟು ಇಂಗಿತೆಂಬುದರೊಡನೆ ಒಳಗೆ ಎಷ್ಟು ಬಾಗಿತೆಂಬುದನ್ನೂ ಅಳೆದಾಗ, ಮೃದು ಭಾಗಗಳ ಎಲ್ಲೆಗಳು ಇನ್ನಷ್ಟು ನಿಚ್ಚಳವಾಗಿ ಮೂಡಿದವು. ಆಸ್ಪತ್ರೆಯ ದಿನಬಳಕೆಗೆ ಅದಿನ್ನೂ ಬಂದಿಲ್ಲ.

ಚಿಗವ್ವ ಈಗ ಮೂಡಲಗಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಇದನ್ನೆಲ್ಲ ವಿವರಿಸಿದೆ. ಕಿವಿಗೊಟ್ಟು ಕೇಳಿ, “ಅದು ಗೋಕಾಕಕ್ಕ ಯಾವಾಗ ಬರತೈತಿ?” ಎಂದಳು.