ಮಾಷ್ಟ್ರ ಪ್ರಾಮಾಣಿಕತೆಯಲ್ಲಿ ನಮ್ಮ ಪಾಲೆಷ್ಟು?

"ಯಾಕಪಾ, ನಿನ್ನಿ ಸಾಲಿಗಿ ಯಾಕ ಬರ್ಲಿಲ್ಲ?" ಎಂದು ಮಾಷ್ಟ್ರು ಕೇಳಿದರೆ ಒಂದನೇ ಕ್ಲಾಸಿನ ನಮ್ಮ ಮಕ್ಕಳು ಮೊದಲು ಮುಖ ಮುಖ ನೋಡಿಕೊಳ್ಳುತ್ತವೆ, ಆಮೇಲೆ ನಗುತ್ತವೆ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಮದ್ರಸದಲ್ಲಿ ಅರಬಿ ಅಕ್ಷರ. ಇಂಥ ಮಗುವಿಗೆ ಶಾಲೆಯ ಕನ್ನಡವೇ ಹೊಸದು, ಜಮಖಂಡಿ-ಮುಧೋಳದ ಕನ್ನಡ ಇನ್ನೂ ಹೊಸದು. ಕರಾವಳಿಯ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಶಿಕ್ಷಕರು ಅಪರೂಪವಲ್ಲ. "ಅವರಿಗೆ ಊರಿಗೆ ಹೋಗುವುದೇ ಚಿಂತೆ, ಮಕ್ಕಳ ಚಿಂತೆ ಎಲ್ಲಿ?" ಎಂಬ ಮಾತೂ ನಮ್ಮ ಮನೆಗಳಲ್ಲಿ ಅಪರೂಪವಲ್ಲ.

ಈ ಮಾತು ನ್ಯಾಯವೇ? ಹೊತ್ತಿಗೆ ಸರಿಯಾಗಿ ಬರುವುದು, ಬೆತ್ತ ಹಿಡಿಯದಿರುವುದು, ಹಿಂದುಳಿದ ಮಗುವನ್ನು ಕೈಬಿಡದಿರುವುದು, ಇದೆಲ್ಲ ಶಿಕ್ಷಕರ ಸ್ವಂತ ಗುಣ ಮಾತ್ರವೇ? ಉತ್ತರ ಬೇಕಾದರೆ ಅವರು ಬಂದ ಊರನ್ನೇ ಒಮ್ಮೆ ನೋಡಬೇಕು.

ಕಬ್ಬು, ಮಗ್ಗ, ಹೊಳೆ

ಬಾಗಲಕೋಟೆ 1997ರಲ್ಲಿ ಅಂದಿನ ಬಿಜಾಪುರದಿಂದ ಬೇರೆಯಾದ ಜಿಲ್ಲೆ. ಅದರ ಮುಧೋಳ, ಜಮಖಂಡಿ ಎಂದರೆ ಕಬ್ಬು, ಸಕ್ಕರೆ ಕಾರ್ಖಾನೆ. ಕಟಾವಿನ ಕಾಲಕ್ಕೆ ಹೊರಗಿನಿಂದ ಬರುವ ಕೂಲಿ ಕುಟುಂಬಗಳ ಜೊತೆ ಮಕ್ಕಳೂ ಬರುತ್ತಾರೆ, ಕೆಲವೇ ತಿಂಗಳಲ್ಲಿ ಹೊರಟೂ ಹೋಗುತ್ತಾರೆ. ರಬಕವಿ-ಬನಹಟ್ಟಿ ನೇಕಾರರ ಊರು. ನಮ್ಮಲ್ಲಿ ಉಮ್ಮಂದಿರು ಬೀಡಿ ಕಟ್ಟುವಾಗ ಮಕ್ಕಳು ಕೈಜೋಡಿಸಿದ ಹಾಗೆ, ಅಲ್ಲಿ ಮನೆಯ ಮಗ್ಗದ ಕೆಲಸಕ್ಕೆ ಎಳೆಯ ಕೈಯೂ ಒದಗುತ್ತದೆ. ಬೀಳಗಿಯ ಎಷ್ಟೋ ಹಳ್ಳಿಗಳು ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಹೋಗಿ, ಜನ ಪುನರ್ವಸತಿ ಕೇಂದ್ರಗಳಲ್ಲಿ ಹೊಸದಾಗಿ ಊರು ಕಟ್ಟಿಕೊಂಡರು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಉಕ್ಕಿದಾಗ ಶಾಲೆಗಳೇ ಆಸರೆಯಾದವು. ಅಲ್ಲಿನ ಮುಸ್ಲಿಂ ಮನೆಗಳ ಮಾತು ದಖನಿ ಉರ್ದು. ಆ ಮಗುವಿಗೂ ಪಾಠದ ಕನ್ನಡ ಮನೆಯ ಮಾತಲ್ಲ.

ಅಂದರೆ ಮನೆಮಾತು ಬೇರೆಯಾದ ಮಗು, ನಡುವೆ ಶಾಲೆ ತಪ್ಪಿಸುವ ಮಗು, ದುಡಿಮೆಗೆ ಕೈಕೊಡುವ ಮಗು, ಇವೆಲ್ಲ ಅಲ್ಲಿಯ ಶಿಕ್ಷಕರಿಗೂ ಗೊತ್ತಿರುವ ಸಂಗತಿಗಳೇ. ಅಂಥ ಮಗುವನ್ನು ಹುಡುಕಿಕೊಂಡು ಮನೆಗೆ ಹೋಗುವ ಸರ್, ಅಕ್ಕೋರು ಅಲ್ಲಿಯೂ ಇದ್ದಾರೆ, ಹಾಜರಿ ಹಾಕಿ ಸುಮ್ಮನಾಗುವವರೂ ಇದ್ದಾರೆ. ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಕಾಯ್ದೆ ಒಂದು, ದಿನಚರಿ ಇನ್ನೊಂದು

ಕರ್ತವ್ಯ ಏನೆಂಬುದರಲ್ಲಿ ಗೊಂದಲವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಸ್ಪಷ್ಟವಾಗಿದೆ: ಶಿಕ್ಷಕರು ಕ್ರಮವಾಗಿ, ಹೊತ್ತಿಗೆ ಸರಿಯಾಗಿ ಬರಬೇಕು, ಪಾಠ ಮುಗಿಸಬೇಕು, ಪ್ರತಿ ಮಗುವಿನ ಕಲಿಕೆ ಅಳೆದು ಬೇಕಾದವರಿಗೆ ಹೆಚ್ಚುವರಿಯಾಗಿ ಕಲಿಸಬೇಕು, ಹೆತ್ತವರನ್ನು ಕರೆದು ಮಾತಾಡಬೇಕು. 17ನೇ ಕಲಂ ಪ್ರಕಾರ ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆ ಕೊಡುವಂತಿಲ್ಲ. 28ನೇ ಕಲಂ ಪ್ರಕಾರ ಖಾಸಗಿ ಟ್ಯೂಷನ್ ಮಾಡುವಂತಿಲ್ಲ.

ಆದರೆ ದಿನಚರಿ ನೋಡಿ. 1ರಿಂದ 5ನೇ ತರಗತಿಗೆ 30 ಮಕ್ಕಳಿಗೊಬ್ಬ ಶಿಕ್ಷಕ ಎಂಬುದು ಲೆಕ್ಕ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ತರಬೇತಿಗೋ ಚುನಾವಣೆ ಕೆಲಸಕ್ಕೋ ಹೋದರೆ ಐದೂ ತರಗತಿ ಇನ್ನೊಬ್ಬರ ಹೆಗಲಿಗೆ. 2025ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೂ ಮನೆ ಮನೆ ಅಲೆದವರು ಹೆಚ್ಚಾಗಿ ಶಿಕ್ಷಕರೇ. ಕರ್ನಾಟಕವೂ ಸೇರಿ 6 ರಾಜ್ಯಗಳ 619 ಶಾಲೆಗಳಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನಡೆಸಿದ ಅಧ್ಯಯನ 2017ರಲ್ಲಿ ಹೊರಬಂತು. ಭೇಟಿಯ ದಿನ ಶಾಲೆಯಲ್ಲಿ ಇಲ್ಲದ ಶಿಕ್ಷಕರು ಶೇ. 18.5. ಅವರಲ್ಲಿ ಹೆಚ್ಚಿನವರು ರಜೆಯಲ್ಲೋ ಸರಕಾರಿ ಕೆಲಸದಲ್ಲೋ ಇದ್ದರು. ಕಾರಣವಿಲ್ಲದೆ ತಪ್ಪಿಸಿಕೊಂಡವರು ಶೇ. 2.5 ಮಾತ್ರ.

ಅತಿಥಿ ಶಿಕ್ಷಕರ ಕಷ್ಟವೇ ಬೇರೆ. ಗೌರವಧನ ಸಣ್ಣದು, ಮುಂದಿನ ಜೂನ್‌ಗೆ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲ. ಖಾಯಂ ಶಿಕ್ಷಕರಿಗೆ ಊರಿನ ಚಿಂತೆ. ಪ್ರಾಥಮಿಕ ಶಿಕ್ಷಕರ ಜ್ಯೇಷ್ಠತೆ ಜಿಲ್ಲೆಯ ಲೆಕ್ಕದ್ದು, ಬೇರೆ ಜಿಲ್ಲೆಗೆ ಹೋದರೆ ಅದು ಕೈತಪ್ಪುತ್ತದೆ. 2020ರ ವರ್ಗಾವಣೆ ಕಾಯ್ದೆ ಬಂದರೂ ಮಿತಿಗಳು ಇವೆ. ವಯಸ್ಸಾದ ತಾಯಿ ಜಮಖಂಡಿಯಲ್ಲಿ, ನೌಕರಿ ಬೆಳ್ತಂಗಡಿಯಲ್ಲಿ ಎಂದರೆ ಮನಸ್ಸು ಎರಡಾಗುವುದು ಸಹಜ. ಮಕ್ಕಳನ್ನು ಗಲ್ಫಿಗೆ ಕಳಿಸಿದ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ತಪ್ಪಿಗೆ ರಿಯಾಯಿತಿ ಅಲ್ಲ. ಮಗುವಿಗೆ ಹೊಡೆದರೆ, ಜಾತಿ-ಧರ್ಮ ಎತ್ತಿ ಮಾತಾಡಿದರೆ ಯಾವ ಕಷ್ಟವೂ ನೆಪವಾಗದು. ಆದರೆ ಒಳ್ಳೆಯ ನಡತೆ ಒಬ್ಬರೇ ಹೊತ್ತು ನಡೆಯುವ ಮೂಟೆಯೂ ಅಲ್ಲ. ಮುಖ್ಯಶಿಕ್ಷಕರು ತಾವೇ ಪ್ರಾರ್ಥನೆಯ ಹೊತ್ತಿಗೆ ಅಂಗಳದಲ್ಲಿ ಇದ್ದರೆ ಉಳಿದವರೂ ಇರುತ್ತಾರೆ. ಊರು ಕೇಳುತ್ತದೆ ಎಂದು ಗೊತ್ತಿದ್ದರೆ ಪಾಠ ನಡೆಯುತ್ತದೆ. ಊರು ಆದರಿಸುತ್ತದೆ ಎಂದು ಗೊತ್ತಾದರೆ ಪಾಠಕ್ಕೆ ಜೀವ ಬರುತ್ತದೆ.

ಅಮಾನತ್ ಇಬ್ಬರದ್ದೂ

ಮಕ್ಕಳು ಅಮಾನತ್ ಎಂದು ನಾವು ಹೇಳುತ್ತೇವೆ. ಆ ಅಮಾನತನ್ನು ಶಾಲೆಯ ಗೇಟಿನಲ್ಲಿ ಬಿಟ್ಟು ಬಂದರೆ ನಮ್ಮ ಜವಾಬ್ದಾರಿ ಮುಗಿಯಿತೇ? ಅಕ್ಷರ ಕಲಿಯದ ಹರೇಕಳ ಹಾಜಬ್ಬರು ಕಿತ್ತಳೆ ಮಾರಿ ನ್ಯೂಪಡ್ಪುವಿಗೆ ಶಾಲೆ ತಂದರು, 2020ರಲ್ಲಿ ಪದ್ಮಶ್ರೀಗೆ ಆಯ್ಕೆಯಾದರು. ಎಲ್ಲರೂ ಹಾಜಬ್ಬ ಆಗಬೇಕಿಲ್ಲ. ಎಸ್‌ಡಿಎಂಸಿ ಸಭೆಗೆ ಹೋದರೂ ಸಾಕು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರು, ಅರ್ಧದಷ್ಟು ಹೆಂಗಸರು ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ನಮ್ಮ ಉಮ್ಮಂದಿರ ಹೆಸರು ಪಟ್ಟಿಯಲ್ಲಿದೆ, ಸಭೆಯಲ್ಲಿ ಎಷ್ಟು ಜನ ಬಾಯಿ ಬಿಡುತ್ತಾರೆ?

ದೂರು ಇದ್ದರೆ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಅಲ್ಲ, ಆ ಸಭೆಯಲ್ಲಿ ಹೇಳಿ, ಬರೆಸಿ. ಮದ್ರಸದ ಸಮಯಕ್ಕೂ ಶಾಲೆಯ ಸಮಯಕ್ಕೂ ಜಗಳವಾದರೆ ಉಸ್ತಾದರನ್ನೂ ಟೀಚರನ್ನೂ ಎದುರುಬದುರು ಕೂರಿಸಿ. ದೂರದಿಂದ ಬಂದ ಶಿಕ್ಷಕರಿಗೆ ಶಾಲೆಯ ಹತ್ತಿರ ಬಾಡಿಗೆ ಮನೆ ಹುಡುಕಿ ಕೊಡಿ. "ಯಾವ ಜಾತಿ?" ಎಂದು ಕೇಳದೆ ಕೊಡಿ. ಮಗುವಿಗೆ ಕನ್ನಡ ಹತ್ತುತ್ತಿಲ್ಲವಾದರೆ ನಾಲ್ಕು ಬ್ಯಾರಿ ಶಬ್ದ ಅವರಿಗೆ ಕಲಿಸಿ. ಮಗುವಿನ ಭಾಷೆ ತಿಳಿದ ಶಿಕ್ಷಕರಿಗೆ ಬೆತ್ತದ ನೆನಪು ಕಡಿಮೆ.

ಮಾಷ್ಟ್ರು ಇಂದು ಎಷ್ಟು ಗಂಟೆಗೆ ಬಂದರು ಎಂದು ಕೇಳುವ ಹಕ್ಕು ನಮಗೆ ಖಂಡಿತ ಇದೆ. ಅದನ್ನು ಕೇಳುವ ಮೊದಲು ಒಂದು ದಿನ ಶಾಲೆಗೆ ಹೋಗಿ, "ಮಾಷ್ಟ್ರೇ, ಊಟ ಆಯ್ತಾ? ಊರಲ್ಲಿ ಎಲ್ಲರೂ ಹುಷಾರಾ?" ಎಂದು ಕೇಳಿ ಬನ್ನಿ.