ನಾಲ್ಕು ಅಕ್ಷರದ ಲೆಡ್ಜರು



ನಾನು ವೈದ್ಯನಲ್ಲ, ವಿಜ್ಞಾನದ ಮೇಷ್ಟ್ರೂ ಅಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕು ಸೇರಿ, ಕಂಪ್ಯೂಟರ್ ಬರುವುದಕ್ಕೆ ಮುಂಚೆ, ತುಂಬಿದ ಲೆಡ್ಜರಿನಿಂದ ಹೊಸ ಲೆಡ್ಜರಿಗೆ ಲೆಕ್ಕ ಎತ್ತಿ ಬರೆದವನು. ನಕಲು ಮಾಡುವ ಕಷ್ಟ ಏನೆಂಬುದು ನನಗೆ ಗೊತ್ತು. ಅದೇ ಕೆಲಸವನ್ನು ನಮ್ಮ ಮೈಯೊಳಗಿನ ಜೀವಕೋಶಗಳು ಈ ಗಳಿಗೆಯಲ್ಲೂ ಮಾಡುತ್ತಿವೆ.

ಕೆಂಪು ರಕ್ತಕಣದಂಥ ಕೆಲವನ್ನು ಬಿಟ್ಟರೆ, ನಮ್ಮ ಪ್ರತಿ ಜೀವಕೋಶದಲ್ಲೂ ಕೋಶಕೇಂದ್ರ ಎಂಬ ಭಾಗವುಂಟು. ಅದರಲ್ಲಿ 46 ವರ್ಣತಂತುಗಳು. 23 ತಾಯಿಯಿಂದ, 23 ತಂದೆಯಿಂದ ಬಂದವು. ವರ್ಣತಂತುವಿನಲ್ಲಿ ಸುತ್ತಿಟ್ಟ ಎಳೆಯೇ ಡಿ.ಎನ್.ಎ. ಒಂದು ಕೋಶದ ಡಿ.ಎನ್.ಎ.ಯನ್ನೆಲ್ಲ ಬಿಡಿಸಿ ತುದಿಗೆ ತುದಿ ಜೋಡಿಸಿದರೆ ಸುಮಾರು 2 ಮೀಟರ್, ಆಳುದ್ದಕ್ಕಿಂತ ಹೆಚ್ಚು. ಅದು ಅಡಗಿರುವ ಜಾಗವೋ, ಬರಿಗಣ್ಣಿಗೆ ಕಾಣದು.

ನೀಲಗಿರಿಯ ಕುರುಂಬರು ಹೆಜ್ಜೇನು ಕೀಳಲು ಬಂಡೆಯಿಂದ ಇಳಿಬಿಡುವ ಬಳ್ಳಿಯ ಏಣಿಯನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಆ ಏಣಿಯನ್ನು ಹುರಿ ಮಾಡಿದಂತೆ ತಿರುಚಿ. ಡಿ.ಎನ್.ಎ.ಯ ಆಕಾರ ಅದೇ. ಪಕ್ಕದ ಎರಡು ಬಳ್ಳಿಗಳು ಸಕ್ಕರೆ ಮತ್ತು ಫಾಸ್ಫೇಟಿನವು. ಒಂದೊಂದು ಮೆಟ್ಟಿಲೂ ಎರಡು ತುಂಡು ನಡುವೆ ಕೂಡಿ ಆದದ್ದು. ತುಂಡುಗಳು ನಾಲ್ಕೇ ಬಗೆ: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೋಸಿನ್. ಚಿಕ್ಕದಾಗಿ ಎ, ಟಿ, ಜಿ, ಸಿ ಎನ್ನುತ್ತಾರೆ. ಕನ್ನಡದ 49 ಅಕ್ಷರ, ತಮಿಳಿನ 247 ಅಕ್ಷರ ಎರಡನ್ನೂ ತಿದ್ದುವ ನಮ್ಮ ಗಡಿಯ ಮಕ್ಕಳಿಗೆ ಇದು ಬಡ ಬರಹ ಎನಿಸೀತು. ಆದರೆ ಹುಲ್ಲಿನಿಂದ ಆನೆಯವರೆಗೆ ಎಲ್ಲವನ್ನೂ ಬರೆದಿರುವುದು ಈ ನಾಲ್ಕರಲ್ಲೇ.

ಇಲ್ಲಿ ಒಂದು ಕಟ್ಟುನಿಟ್ಟು. ಎ ಕೂಡುವುದು ಟಿ ಜೊತೆ, ಜಿ ಕೂಡುವುದು ಸಿ ಜೊತೆ; ಬೇರೆ ನಂಟು ಒಗ್ಗುವುದಿಲ್ಲ. ಇದನ್ನು 1953ರಲ್ಲಿ ಕೇಂಬ್ರಿಜ್‌ನಲ್ಲಿದ್ದ ವಾಟ್ಸನ್ ಮತ್ತು ಕ್ರಿಕ್ ತೋರಿಸಿಕೊಟ್ಟರು. ಅವರಿಗೆ ದಾರಿ ತೋರಿದ ಕ್ಷಕಿರಣದ ಚಿತ್ರ ಲಂಡನ್ನಿನ ರೊಸಲಿಂಡ್ ಫ್ರಾಂಕ್ಲಿನ್ ಎಂಬಾಕೆಯ ಪ್ರಯೋಗದ್ದು. ಆಕೆಗೆ ತಿಳಿಯದೆಯೇ ಅದು ವಾಟ್ಸನ್ನರ ಕಣ್ಣಿಗೆ ಬಿದ್ದಿತ್ತು. ಆಕೆ 1958ರಲ್ಲಿ, 37ನೇ ವಯಸ್ಸಿಗೆ ತೀರಿಕೊಂಡರು. 1962ರ ನೊಬೆಲ್ ಬಹುಮಾನ ಮೂವರು ಗಂಡಸರಿಗೆ ಸಂದಿತು.

ಈಗ ನಕಲಿಗೆ ಬರೋಣ. ಕೋಶ ಒಡೆದು ಎರಡಾಗುವ ಮುಂಚೆ ಕಿಣ್ವಗಳು ಈ ಏಣಿಯನ್ನು ಅವರೆಕಾಯಿ ಸುಲಿದಂತೆ ನಡುವೆ ಸೀಳುತ್ತವೆ. ಪ್ರತಿ ಹೋಳಿನ ಎ ಎದುರಿಗೆ ಟಿ, ಜಿ ಎದುರಿಗೆ ಸಿ ಬಂದು ಕೂರುತ್ತದೆ. ಒಂದು ಏಣಿ ಎರಡಾಯಿತು. ಎರಡರಲ್ಲೂ ಅರ್ಧ ಹಳತು, ಅರ್ಧ ಹೊಸತು. 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಭಾರದ ಸಾರಜನಕ ತಿನ್ನಿಸಿದ ಬ್ಯಾಕ್ಟೀರಿಯಗಳಿಂದ ಇದನ್ನು ಖಾತ್ರಿ ಮಾಡಿದರು. ನಮ್ಮ ಒಂದು ಕೋಶದಲ್ಲಿ ಸುಮಾರು 600 ಕೋಟಿ ಮೆಟ್ಟಿಲುಗಳು. ಸಾವಿರಾರು ಕಡೆ ಒಟ್ಟಿಗೇ ಶುರುವಾಗುವುದರಿಂದ ಎಂಟು ಗಂಟೆಯ ಸುಮಾರಿಗೆ ಕೆಲಸ ಮುಗಿಯುತ್ತದೆ. ತಪ್ಪು ಅಕ್ಷರ ಕೂತರೆ ಬರೆಯುವ ಕಿಣ್ವವೇ ಕಿತ್ತು ತಿದ್ದುತ್ತದೆ. ಆಮೇಲೆ ಬೇರೆ ಕಿಣ್ವಗಳು ಬಂದು ಅಧಿಕಾರಿ ಟಿಕ್ ಹಾಕಿದಂತೆ ಇನ್ನೊಮ್ಮೆ ತಾಳೆ ನೋಡುತ್ತವೆ. ಉಳಿಯುವ ತಪ್ಪು 100 ಕೋಟಿಗೆ ಒಂದರಷ್ಟು. ಇಂಥ ಗುಮಾಸ್ತನನ್ನು ನಾನು ಯಾವ ಶಾಖೆಯಲ್ಲೂ ಕಾಣಲಿಲ್ಲ.

ಒಂದಕ್ಷರ ತಾನೆ ಎನ್ನಬೇಡಿ. ರಕ್ತದ ಹೀಮೋಗ್ಲೋಬಿನ್ನಿಗೆ ಸಂಬಂಧಿಸಿದ ಬರಹದಲ್ಲಿ ಜಿಎಜಿ ಇರಬೇಕಾದ ಕಡೆ ಜಿಟಿಜಿ ಆದರೆ, ಕೆಂಪು ಕಣಗಳು ಪ್ರಾಣವಾಯು ಬಿಟ್ಟುಕೊಟ್ಟಾಗ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಎಲುಬು ಕೀಲುಗಳಲ್ಲಿ ತಡೆಯಲಾರದ ನೋವು, ರಕ್ತಹೀನತೆ. ವಯನಾಡಿನಲ್ಲಿ ಇದಕ್ಕೆ ಅರಿವಾಳ್ ರೋಗವೆಂದು ಹೆಸರು. ಭಾರತದಲ್ಲಿ ಈ ಕುಡುಗೋಲು ಕಣವನ್ನು ಮೊದಲು ಕಂಡದ್ದು ನೀಲಗಿರಿಯ ಬುಡಕಟ್ಟಿನವರಲ್ಲಿ, 1952ರಲ್ಲಿ. ಕಂಡವರು ಲೆಹ್ಮನ್ ಮತ್ತು ಕಟ್‌ಬುಷ್. ಡಿ.ಎನ್.ಎ.ಯ ಆಕಾರ ತಿಳಿಯುವುದಕ್ಕೂ ಒಂದು ವರ್ಷ ಮೊದಲು!

ಇದು ಶಾಪವಲ್ಲ, ಅಂಟುರೋಗವೂ ಅಲ್ಲ. ಆ ತಪ್ಪು ಎಷ್ಟೋ ತಲೆಮಾರಿನ ಹಿಂದೆ ಬಿದ್ದದ್ದು. ಆಮೇಲಿನ ನಕಲುಗಳೆಲ್ಲ ಸರಿಯಾಗಿಯೇ ಆಗಿವೆ, ತಪ್ಪನ್ನೂ ಸೇರಿಸಿ. ತಾಯಿ ತಂದೆಯರಲ್ಲಿ ಒಬ್ಬರಿಂದ ಮಾತ್ರ ಬಂದಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮಲೇರಿಯದ ಜೋರನ್ನು ತಡೆಯುವ ಗುಣವೂ ಉಂಟು. ಮಲೇರಿಯದ ಸೀಮೆಗಳಲ್ಲಿ ಅದು ಉಳಿದು ಬಂದದ್ದು ಅದರಿಂದಲೇ. ಆದರೆ ಗಂಡ ಹೆಂಡತಿ ಇಬ್ಬರಲ್ಲೂ ಒಂದೊಂದು ಅಂಥ ಬರಹವಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಚೊಚ್ಚಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಭಯವಿಲ್ಲ ಎಂಬ ಲೆಕ್ಕ ಸಲ್ಲದು. ಪ್ರತಿ ಸಲವೂ ಹೊಸ ಖಾತೆ.

2023ರ ಜುಲೈಯಲ್ಲಿ ಕೇಂದ್ರ ಸರಕಾರ ಈ ರೋಗದ ನಿರ್ಮೂಲನೆಗೆಂದು ಶುರು ಮಾಡಿದ ಯೋಜನೆಯಲ್ಲಿ, 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತು. ನೆಂಟಸ್ತಿಕೆಯ ಮಾತು ಎತ್ತುವ ಮುಂಚೆ ಹುಡುಗ ಹುಡುಗಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಮೊದಲ ಪರೀಕ್ಷೆಗೆ ಬೆರಳ ತುದಿಯ ರಕ್ತ ಸಾಕು. ಅದರಲ್ಲಿ ಕುಡುಗೋಲಿನ ಸುಳಿವು ಕಂಡರೆ ಎರಡನೇ ಪರೀಕ್ಷೆ ಮಾಡಿ, ಒಬ್ಬರ ಕಡೆಯಿಂದ ಬಂದದ್ದೋ ಇಬ್ಬರ ಕಡೆಯಿಂದಲೂ ಬಂದದ್ದೋ ಎಂದು ತಿಳಿಸುತ್ತಾರೆ.